ಲೈಟ್‌ಹೌಸಿನ ರಾತ್ರಿಪಾಳಿ (ಸ್ಕಾಟ್ಲೆಂಡಿನಿಂದ – 11)

ಮೂರು ನೈಟ್ ಡ್ಯೂಟಿ ಮುಗಿಸಿ, ಮಲಗಿ ಎದ್ದು ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ವಾರ ಹಾಕಿದ ಪುಟ್ಟ ಹಕ್ಕಿಯ ಫೋಟೋ ನೋಡಿ ಸಣ್ಣಕಾಕಾ, "ಇಷ್ಟಕ್ಕಾ ರಜಾ ಹಾಕಿ ದೋಣಿ ಹತ್ತಿದ್ದು?" ಅಂತ ಕೇಳಿದ್ದರು. ಹೌದು ಕಾಕಾ, ಅಷ್ಟಕ್ಕೇ. ಅದರ ಹೆಸರು ಗೋಲ್ಡ್‌ಕ್ರೆಸ್ಟ್. ತೂಕ ಐದಾರು ಗ್ರಾಂ, ಅಂದರೆ ನಾವು ಐದು ಎಂಎಲ್ ಸಿರಿಂಜಿಗೆ ಎಳೆದುಕೊಳ್ಳುವ ನೀರಿನಷ್ಟು. ಅಷ್ಟು ಹಗುರದ ಜೀವಗಳು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನಾರ್ವೆ, ಸ್ವೀಡನ್ ಕಡೆಯಿಂದ ಉತ್ತರ ಸಮುದ್ರ ದಾಟಿ ಇಲ್ಲಿಗೆ ಬರುತ್ತವೆ. ನಾನು ನೋಡಿದ್ದು ಐಲ್ ಆಫ್ ಮೇ ಎಂಬ ದ್ವೀಪದಲ್ಲಿ. ಫೈಫ್ ಕರಾವಳಿಯಿಂದ ಸುಮಾರು 8 ಕಿಲೋಮೀಟರ್ ದೂರ. ಉದ್ದ ಎರಡು ಕಿಲೋಮೀಟರೂ ಇಲ್ಲ, ಮರಗಳಂತೂ ಇಲ್ಲವೇ ಇಲ್ಲ ಅನ್ನಬಹುದು.

ಈ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹಾರುತ್ತವೆ. ಹಾಗಾದರೆ ಇವು ಬರುವುದು ಮೊದಲು ಗೊತ್ತಾಗಿದ್ದು ಯಾರಿಗೆ? ರಾತ್ರಿ ಎಚ್ಚರ ಇದ್ದವರಿಗೆ. ಮೋಡ ಕವಿದು ಜಿನುಗು ಮಳೆ ಹಿಡಿದ ರಾತ್ರಿ, ಹಕ್ಕಿಗಳು ಲೈಟ್‌ಹೌಸಿನ ಬೆಳಕಿಗೆ ಸುತ್ತುಗಟ್ಟಿ, ಗಾಜಿಗೆ ಬಡಿದು ಸಾಯುತ್ತಿದ್ದವು. 1879ರಿಂದ ಹಾರ್ವಿ-ಬ್ರೌನ್, ಕಾರ್ಡೋ ಎಂಬ ಇಬ್ಬರು ಬ್ರಿಟನ್ನಿನ ಲೈಟ್‌ಹೌಸುಗಳಿಗೆ ಛಾಪಿಸಿದ ಫಾರಂ ಕಳಿಸತೊಡಗಿದರು. ತಾರೀಖು, ಗಾಳಿಯ ದಿಕ್ಕು, ಯಾವ ಹಕ್ಕಿ, ಎಷ್ಟು. ಗುರುತು ಸಿಗದಿದ್ದರೆ ಸತ್ತ ಹಕ್ಕಿಯ ರೆಕ್ಕೆಯನ್ನೇ ಟಪಾಲಿಗೆ ಹಾಕಿ ಕಳಿಸುವುದು. ದೀಪ ಕಾಯುವವರು 1887ರ ತನಕ ಇದನ್ನು ತುಂಬಿ ಕಳಿಸಿದರು. ಅವರದೂ ಪಾಳಿ ಕೆಲಸ, ಅವರದೂ ಚಾರ್ಟು! ಆ ಕಾಗದದ ರಾಶಿಯನ್ನೆಲ್ಲ ಜೋಡಿಸಿ ಈಗಲ್ ಕ್ಲಾರ್ಕ್ ಎಂಬುವರು 1896ರಲ್ಲಿ ವರದಿ ಬರೆದರು. ದೊಡ್ಡ ವಿದ್ವಾಂಸರು. ಆಮೇಲೆ 1901ರಲ್ಲಿ ತಾವೇ ಹೋಗಿ ಎಡ್ಡಿಸ್ಟೋನ್ ಲೈಟ್‌ಹೌಸಿನಲ್ಲಿ ಒಂದು ತಿಂಗಳು ಕೂತಿದ್ದರಂತೆ. ಬರೀ ಚಾರ್ಟ್ ಓದಿ ಬಿಡದೆ ವಾರ್ಡಿಗೂ ಬಂದು ನೋಡುವ ಡಾಕ್ಟರ್ ಇದ್ದ ಹಾಗೆ.

ಈಗ ನನಗೆ ಬಹಳ ಇಷ್ಟದ ಇಬ್ಬರು. ಲಿಯೊನೊರಾ ರಿಂಟೌಲ್, ಎವೆಲಿನ್ ಬ್ಯಾಕ್ಸ್‌ಟರ್. ಫೈಫ್ ಜಿಲ್ಲೆಯ ಗೆಳತಿಯರು. 1907ರಲ್ಲಿ ಮೊದಲ ಸಲ ಈ ದ್ವೀಪಕ್ಕೆ ಹೋದರು, ಆಮೇಲೆ ವರ್ಷಗಟ್ಟಲೆ ವಸಂತಕ್ಕೆ, ಶರತ್ಕಾಲಕ್ಕೆ ಹೋಗುತ್ತಲೇ ಇದ್ದರು. ಹೆಣ್ಣುಮಕ್ಕಳು ಲೈಟ್‌ಹೌಸಿನ ದ್ವೀಪದಲ್ಲಿ ಹಕ್ಕಿ ಎಣಿಸುತ್ತಾ ಕೂರುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹಕ್ಕಿ ಬಂದ ದಿನಗಳನ್ನೂ ಗಾಳಿಯ ದಿಕ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ, 1918ರಲ್ಲಿ ಅವರು ಒಂದು ಮಾತು ಹೇಳಿದರು: ಇಷ್ಟೊಂದು ಹಕ್ಕಿ ಇಲ್ಲಿ ಇಳಿಯುವುದು ಇದೇ ಅವುಗಳ ದಾರಿ ಅಂತಲ್ಲ, ಗಾಳಿ ಅವುಗಳನ್ನು ತಳ್ಳಿಕೊಂಡು ಬರುವುದರಿಂದ. ಪೂರ್ವದ, ಆಗ್ನೇಯದ ಗಾಳಿ ಬೀಸಿದಾಗ ದ್ವೀಪ ತುಂಬುತ್ತದೆ, ಪಶ್ಚಿಮದ ಗಾಳಿಗೆ ಖಾಲಿ.

ಆಗ ಹೆಚ್ಚು ಜನ ಕಿವಿಗೊಡಲಿಲ್ಲ. ಮೂವತ್ತು ವರ್ಷದ ಮೇಲೆ ಫೇರ್ ಐಲ್ ದ್ವೀಪದ ಕೆನೆತ್ ವಿಲಿಯಮ್ಸನ್ ಇದೇ ವಿಚಾರವನ್ನು ಬೆಳೆಸಿದಾಗ ಅದು ದೊಡ್ಡ ಚರ್ಚೆಯಾಯಿತು.

ಇದನ್ನು ಓದುವಾಗ ನನ್ನ ಮೊದಲ ವರ್ಷದ ಒಂದು ರಾತ್ರಿ ನೆನಪಾಯಿತು. ಒಬ್ಬ ಅಜ್ಜಿಗೆ ರಾತ್ರಿ ಎರಡರ ಹೊತ್ತಿಗೆ ಮಾತ್ರ ಉಸಿರು ಏರುತ್ತಿತ್ತು. ಬರೆದಿಟ್ಟೆ, ಬೆಳಿಗ್ಗೆ ಹೇಳಿಯೂ ಹೇಳಿದೆ. "ಹೊಸಬಳು, ಗಾಬರಿ ಜಾಸ್ತಿ" ಅಂದರು. ಮೂರು ದಿನ ಬಿಟ್ಟು ಒಬ್ಬ ಡಾಕ್ಟರ್ ಅದನ್ನೇ ಹೊಸದಾಗಿ ಕಂಡುಹಿಡಿದರು. ಅಜ್ಜಿ ಹುಷಾರಾಗಿ ಮನೆಗೆ ಹೋದರು ಬಿಡಿ, ಆದರೆ ಆ ಮೂರು ರಾತ್ರಿ ಅವರು ಪಟ್ಟ ಸಂಕಟ ನಾನು ನೋಡಿದ್ದೇನೆ.

ಆ ಗೆಳತಿಯರು ಮಾತ್ರ ಮುನಿಸಿಕೊಂಡು ಬಿಟ್ಟುಬಿಡಲಿಲ್ಲ. 1934ರಲ್ಲಿ ಈ ದ್ವೀಪದಲ್ಲಿ ಸ್ಕಾಟ್ಲೆಂಡಿನ ಮೊದಲ ಪಕ್ಷಿ ವೀಕ್ಷಣಾಲಯ ಶುರುವಾಯಿತು. 1936ರಲ್ಲಿ ಹುಟ್ಟಿದ ಸ್ಕಾಟ್ಲೆಂಡಿನ ಪಕ್ಷಿ ವೀಕ್ಷಕರ ಸಂಘಕ್ಕೆ ಇವರಿಬ್ಬರೇ ಜೊತೆಯಾಗಿ ಮೊದಲ ಅಧ್ಯಕ್ಷರು. 1953ರಲ್ಲಿ ಸ್ಕಾಟ್ಲೆಂಡಿನ ಹಕ್ಕಿಗಳ ಬಗ್ಗೆ ಇಬ್ಬರೂ ಸೇರಿ ಬರೆದ ಎರಡು ಸಂಪುಟ ಹೊರಬಂತು. 1989ರಿಂದ ಲೈಟ್‌ಹೌಸಿನಲ್ಲಿ ಮನುಷ್ಯರಿಲ್ಲ, ದೀಪ ತಾನೇ ಹತ್ತುತ್ತದೆ. ವೀಕ್ಷಣಾಲಯದಲ್ಲಿ ಮಾತ್ರ ಸ್ವಯಂಸೇವಕರು ಹಕ್ಕಿ ಹಿಡಿದು, ಕಾಲಿಗೆ ಉಂಗುರ ಹಾಕಿ, ತೂಗಿ, ಬರೆದು ಬಿಡುತ್ತಾರೆ.

ಅಪ್ಪಾ, ಒಂದು ಕೆಲಸ. ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ನಮ್ಮ ಕಡಲೆ ಹೊಲಕ್ಕೆ ಬಿದ್ದಾಗೆಲ್ಲ ನೀವು ಬೈಯುತ್ತಾ ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದಿರಿ. ಆ ಹಳೆ ಪಂಚಾಂಗಗಳು ಅಟ್ಟದ ಮೇಲೆ ಇನ್ನೂ ಇದ್ದರೆ ತಮ್ಮನ ಕೈಲಿ ಪುಟಪುಟದ ಫೋಟೋ ತೆಗೆಸಿ ಕಳಿಸಿ. ಅವ್ವ ರದ್ದಿಗೆ ಹಾಕುವುದರೊಳಗೆ.