ಕ್ರಿಸ್ತನಲ್ಲಿ ವಿಶ್ವಾಸಿಯ ಗುರುತು

ಕ್ರೈಸ್ತ ವಿಶ್ವಾಸಿಯು ತಾನು ಯಾರೆಂಬುದನ್ನು ಸಾಧನೆ, ಕುಲ, ಮನಸ್ಸಿನ ಏರಿಳಿತಗಳಿಂದ ಅಳೆಯದೆ, ದೇವರು ಕ್ರಿಸ್ತನ ಮೂಲಕ ತನ್ನ ವಿಷಯದಲ್ಲಿ ಆಡಿರುವ ಮಾತನ್ನು ನಂಬಿ ತಿಳಿಯಬೇಕೆಂಬ ಬೋಧನೆ ಇದು. ದೇವತಾಶಾಸ್ತ್ರದಲ್ಲಿ ನೀತೀಕರಣ (ದೇವರು ಪಾಪಿಯನ್ನು ನೀತಿವಂತನೆನ್ನುವುದು), ಪುತ್ರಸ್ವೀಕಾರ (ತನ್ನ ಮಗುವಾಗಿ ಸ್ವೀಕರಿಸುವುದು), ರಕ್ಷಣೆಯ ನಿಶ್ಚಯ ಎಂಬ ಮೂರು ವಿಚಾರಗಳು ಇಲ್ಲಿ ಕೂಡುತ್ತವೆ. ಇದನ್ನು ಆತ್ಮವಿಶ್ವಾಸ ಬೆಳೆಸುವ ಇಂದಿನ ತರಬೇತಿಗಳ ಸಾಲಿಗೆ ಸೇರಿಸುವುದು ತಪ್ಪು. ಅಲ್ಲಿ ಮನುಷ್ಯ ತನ್ನ ಬಗ್ಗೆ ತಾನೇ ಒಳ್ಳೆಯ ಮಾತು ಹೇಳಿಕೊಳ್ಳುತ್ತಾನೆ. ಇಲ್ಲಿ ಹೇಳುವವನು ದೇವರು.

ಬೋಧನೆಯ ಎಳೆ ಯೇಸುವಿನ ದೀಕ್ಷಾಸ್ನಾನದಲ್ಲೇ ಸಿಗುತ್ತದೆ. ಯೊರ್ದನ್ ಹೊಳೆಯಿಂದ ಮೇಲೆದ್ದ ಯೇಸುವನ್ನು ಆಕಾಶವಾಣಿ ಪ್ರಿಯ ಮಗನೆಂದು ಕರೆಯಿತು. ಮಾರ್ಕನ ನಿರೂಪಣೆಯಲ್ಲಿ ಆ ಹೊತ್ತಿಗೆ ಆತ ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಒಂದು ಪ್ರಸಂಗವನ್ನೂ ಮಾಡಿರಲಿಲ್ಲ. ಮತ್ತಾಯನ ಪ್ರಕಾರ ಇದರ ಬೆನ್ನಲ್ಲೇ ಅಡವಿಯಲ್ಲಿ ನಲವತ್ತು ದಿನಗಳ ಉಪವಾಸ. ಹಸಿದಿದ್ದ ಯೇಸುವಿಗೆ ಸೈತಾನನು ಒಡ್ಡಿದ ಮೊದಲ ಸವಾಲು, ದೇವರ ಮಗನೇ ಆಗಿದ್ದರೆ ಕಲ್ಲನ್ನು ರೊಟ್ಟಿ ಮಾಡಿ ತೋರಿಸು ಎಂಬುದು. ಹೊಳೆಯ ದಡದಲ್ಲಿ ಕೇಳಿದ ಮಾತಿಗೆ ಪುರಾವೆ ಕೊಡು ಎಂಬ ಒತ್ತಾಯವೇ ಆ ಪರೀಕ್ಷೆಯ ತಿರುಳು. ಯೇಸು ಪುರಾವೆ ಕೊಡಲಿಲ್ಲ. ಧರ್ಮೋಪದೇಶಕಾಂಡದ ವಚನವೊಂದನ್ನು ಉತ್ತರವಾಗಿ ಹೇಳಿ ಸುಮ್ಮನಾದ.

ಮೊದಲು ಗುರುತು, ಆಮೇಲೆ ನಡತೆ: ಅಪೊಸ್ತಲ ಪೌಲನ ಪತ್ರಿಕೆಗಳಲ್ಲೂ ಇದೇ ಕ್ರಮವಿದೆ. ಕ್ರಿ.ಶ. 50ರ ದಶಕದ ಕೊರಿಂಥ ಸಭೆ ಪಂಗಡಗಳಾಗಿ ಒಡೆದಿತ್ತು. ಸಹೋದರರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಪ್ರಭುವಿನ ಭೋಜನದಲ್ಲಿ ಉಳ್ಳವರು ಹೊಟ್ಟೆ ತುಂಬಿಸಿಕೊಂಡರೆ ಇಲ್ಲದವರು ಹಸಿದಿರುತ್ತಿದ್ದರು. ಅಂಥವರನ್ನೇ ಪೌಲ ತನ್ನ ಪತ್ರಿಕೆಯ ಮೊದಲ ಸಾಲುಗಳಲ್ಲಿ ದೇವಜನರೆಂದು ಕರೆಯುತ್ತಾನೆ. ಗದರಿಕೆ ಆಮೇಲೆ ಬರುತ್ತದೆ, ಕಟುವಾಗಿಯೇ ಬರುತ್ತದೆ. ಆದರೆ ಅದರ ತರ್ಕ ಒಂದೇ: ನೀವು ತೊಳೆಯಲ್ಪಟ್ಟವರು, ಹಾಗೆ ಬಾಳಿರಿ.

ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ಪೌಲ ದತ್ತುಪುತ್ರನ ಹಕ್ಕಿನ ಮಾತೆತ್ತುತ್ತಾನೆ. ರೋಮನ್ ಸಾಮ್ರಾಜ್ಯದಲ್ಲಿ ಈ ಮಾತಿಗೆ ಕಾನೂನಿನ ತೂಕವಿತ್ತು. ಕ್ರಿ.ಪೂ. 44ರಲ್ಲಿ ಕೊಲೆಯಾದ ಜೂಲಿಯಸ್ ಸೀಸರ್ ತನ್ನ ಉಯಿಲಿನಲ್ಲಿ ದತ್ತು ತೆಗೆದುಕೊಂಡ ಯುವಕನೇ ಮುಂದೆ ಆಗಸ್ಟಸ್ ಚಕ್ರವರ್ತಿಯಾದ. ಗುಲಾಮರೂ ಕೂತು ಕೇಳುತ್ತಿದ್ದ ಸಭೆಗಳಲ್ಲಿ, ನೀವೂ ಬಾಧ್ಯಸ್ಥರು ಎಂದು ಓದಿದಾಗ ಅದು ಎಷ್ಟು ದೊಡ್ಡ ಮಾತಾಗಿ ಕೇಳಿಸಿರಬೇಕು!

ಒಳಮನಸ್ಸು ಒಪ್ಪದಿದ್ದಾಗ ಏನು ಮಾಡಬೇಕು ಎಂಬುದೇ ಈ ಬೋಧನೆಯ ಕಠಿಣ ಪ್ರಶ್ನೆ. ಎರ್ಫುರ್ಟ್ ಮಠದಲ್ಲಿ ಸನ್ಯಾಸಿಯಾಗಿದ್ದಾಗಲೇ ಪಾಪಭೀತಿಯಿಂದ ನರಳಿದ್ದ ಮಾರ್ಟಿನ್ ಲೂಥರ್, 1529ರ ದೊಡ್ಡ ಪ್ರಶ್ನೋತ್ತರಿಯಲ್ಲಿ ಕೊಟ್ಟ ಸಲಹೆ ನೇರವಾದದ್ದು: ಮನಸ್ಸಾಕ್ಷಿ ದೂರಿದಾಗ, ನನಗೆ ದೀಕ್ಷಾಸ್ನಾನವಾಗಿದೆ ಎಂದು ಉತ್ತರಿಸು. ವಿಶ್ವಾಸಿ ಏಕಕಾಲದಲ್ಲಿ ನೀತಿವಂತನೂ ಹೌದು, ಪಾಪಿಯೂ ಹೌದು ಎಂಬುದು ಆತನ ನಿಲುವು. ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಇಂಥ ನಿಶ್ಚಯಕ್ಕೆ ಎಲ್ಲೆ ಹಾಕಿತು: ದೇವರ ಕರುಣೆಯನ್ನು ಸಂಶಯಿಸಬಾರದು, ಆದರೆ ತನಗೆ ಕೃಪೆ ದೊರೆತಿದೆಯೆಂದು ಯಾರೂ ತಪ್ಪಲಾರದ ನಿಶ್ಚಯದಿಂದ ಹೇಳಲಾಗದು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಜಾಗತಿಕ ಒಕ್ಕೂಟ ಮತ್ತು ಕಥೋಲಿಕ ಧರ್ಮಸಭೆ ಸಹಿ ಹಾಕಿದ, ನೀತೀಕರಣದ ಕುರಿತ ಜಂಟಿ ಘೋಷಣೆ, ತಮ್ಮ ದೌರ್ಬಲ್ಯದ ನಡುವೆಯೂ ವಿಶ್ವಾಸಿಗಳು ದೇವರ ವಾಗ್ದಾನವನ್ನು ನೆಚ್ಚಬಹುದೆಂದು ಒಪ್ಪಿತು. ಇದೇ ಒಳಗಿನ ಸಂಶಯವನ್ನು ಎದುರಿಸಿದವರಲ್ಲಿ ಒಬ್ಬರು ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್. ಬರ್ಲಿನ್‌ನ ಟೆಗೆಲ್ ಸೆರೆಮನೆಯಲ್ಲಿದ್ದಾಗ ಅವರು 1944ರಲ್ಲಿ 'ನಾನು ಯಾರು?' ಎಂಬ ಕವಿತೆ ಬರೆದರು. ಇತರರು ಕಂಡ ಧೀರನೋ, ತನಗೆ ಮಾತ್ರ ಗೊತ್ತಿದ್ದ ದಣಿದ ಮನುಷ್ಯನೋ ಎಂಬ ಪ್ರಶ್ನೆ ಅಲ್ಲಿ ಬಗೆಹರಿಯುವುದಿಲ್ಲ. ಅದು ದೇವರ ಕೈಗೆ ಒಪ್ಪಿಸಲ್ಪಡುತ್ತದೆ. ಮರುವರ್ಷ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಈ ನಂಬಿಕೆಯ ಸಾಮಾಜಿಕ ಬಲವನ್ನು ತುಳಿತಕ್ಕೊಳಗಾದವರೇ ಹೆಚ್ಚು ಬಲ್ಲರು. ಅಮೆರಿಕದ ಕಪ್ಪು ದೇವತಾಶಾಸ್ತ್ರಜ್ಞ ಹೊವಾರ್ಡ್ ಥರ್ಮನ್ ತಮ್ಮ ಬರಹಗಳಲ್ಲಿ, ಗುಲಾಮಳಾಗಿ ಹುಟ್ಟಿದ್ದ ಅಜ್ಜಿಯ ನೆನಪನ್ನು ದಾಖಲಿಸಿದ್ದಾರೆ. ನೀವು ಗುಲಾಮರಲ್ಲ, ದೇವರ ಮಕ್ಕಳು ಎಂದು ಗುಲಾಮ ಬೋಧಕನೊಬ್ಬ ಸಾರುತ್ತಿದ್ದನೆಂದು ಹೇಳುವಾಗಲೆಲ್ಲ ಆಕೆಯ ಬೆನ್ನು ನೆಟ್ಟಗಾಗುತ್ತಿತ್ತಂತೆ.

ಕರ್ನಾಟಕದಲ್ಲಿ ಈ ನಂಬಿಕೆ ಜಾತಿಗೆ ಮುಖಾಮುಖಿಯಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಅಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಮುಂದೆ ಬಾಸೆಲಿನಲ್ಲಿ ಓದಿ ಪಾದ್ರಿಯಾದರು. ಆದರೆ ದೀಕ್ಷಾಸ್ನಾನದ ನೀರು ಜಾತಿಯನ್ನು ಅಳಿಸಲಿಲ್ಲ. ದಲಿತ ಕ್ರೈಸ್ತರು ಸಭೆಯೊಳಗೂ ತಾರತಮ್ಯ ಉಂಡರು. 1950ರ ರಾಷ್ಟ್ರಪತಿ ಆದೇಶವು ಅವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದಲೂ ಹೊರಗಿಟ್ಟಿತು. ಎಲ್ಲರೂ ಕ್ರಿಸ್ತನಲ್ಲಿ ಒಂದೇ ಎಂಬ ಮಾತನ್ನು ಈ ಗಾಯ ಮುಚ್ಚಲು ಬಳಸಿದಾಗ ಬೋಧನೆಗೇ ಅಪಚಾರವಾಗುತ್ತದೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಮಾಡಿದ ಉಪನ್ಯಾಸದಿಂದ ಹೊಸ ಚರ್ಚೆ ಹುಟ್ಟುಹಾಕಿದ ದೇವತಾಶಾಸ್ತ್ರಜ್ಞ ಅರವಿಂದ ಪಿ. ನಿರ್ಮಲ್, ದಲಿತರ ನೋವಿನ ಅನುಭವದಿಂದಲೇ ಭಾರತದ ದೇವತಾಶಾಸ್ತ್ರ ಆರಂಭವಾಗಬೇಕೆಂದರು. ಯೇಸುವೇ ದಲಿತ ಎಂಬುದು ಅವರ ವಾದ. ಆದ್ದರಿಂದ ದಲಿತ ವಿಶ್ವಾಸಿ ದೇವರ ಮಗುವೆನಿಸಿಕೊಳ್ಳಲು ತನ್ನ ದಲಿತತನವನ್ನು ಮರೆಮಾಚಬೇಕಿಲ್ಲ.