ಕಡಲಿಗೆ ಬೆನ್ನು ಹಾಕಿ ಕಡಲನ್ನು ಓದಿದವರು

ತಿರುವನಂತಪುರದಲ್ಲಿ ನೆಲೆಸಿರುವ ನಾವು ಊರಿನಿಂದ ಬಂದ ನೆಂಟರನ್ನು ವಿಳಿಂಜಂಗೆ ಕರೆದೊಯ್ಯುವುದುಂಟು. ಎಂಟನೆಯ ಶತಮಾನದ ಬಂಡೆಗುಡಿಯಲ್ಲಿ ವೀಣಾಧರ ದಕ್ಷಿಣಾಮೂರ್ತಿಯನ್ನು ತೋರಿಸಿ, ಇದು ಆಯ್ ಅರಸರ ರೇವುಪಟ್ಟಣವಾಗಿತ್ತೆಂದು ಹೇಳಿ ಮುಗಿಸುತ್ತೇವೆ. ಅನತಿ ದೂರದ ದಡದಲ್ಲಿ ಬಲೆ ಹೊಲಿಯುತ್ತ ಕುಳಿತ ಮುದುಕರಿಗೂ ಒಂದು ಚರಿತ್ರೆಯಿದೆಯೆಂಬುದು ನಮಗೆ ತಡವಾಗಿ ಹೊಳೆಯಿತು.

ಆ ತಲೆಮಾರು ಕಡಲಿಗಿಳಿದದ್ದು ಕಟ್ಟುಮರದ ಮೇಲೆ. ಹೆಸರನ್ನು ಬಿಡಿಸಲು ಕನ್ನಡಿಗರಿಗೆ ನಿಘಂಟು ಬೇಡ. ಹಗುರವಾದ ಕೆಲವು ದಿಮ್ಮಿಗಳನ್ನು ಹಗ್ಗದಿಂದ ಬಿಗಿದರೆ ದೋಣಿ. ಮರಳಿ ಬಂದು ಬಿಚ್ಚಿ ಒಣಗಿಸಿದರೆ ಬರಿಯ ಮರ. ನೀರು ತುಂಬಿ ಮುಳುಗಲು ಅದಕ್ಕೆ ಒಡಲೇ ಇಲ್ಲ. ಇಂಗ್ಲಿಷರು ಈ ಹೆಸರನ್ನೇ ಒಯ್ದು ಎರಡು ಒಡಲಿನ ನೌಕೆಗೆ ಇಟ್ಟದ್ದು ಸೋಜಿಗ.

ಆದರೆ ಅವರ ನಿಜವಾದ ಆಸ್ತಿ ‘ಕಣಿಚ್ಚಂ’. ಇಲ್ಲಿಯವರು ‘ಪಾರು’ ಎನ್ನುವ ನೀರಡಿಯ ಬಂಡೆಗಳ ಸುತ್ತ ಮೀನು ನೆರೆಯುತ್ತದೆ. ಗಾಳ ಇಳಿಯಬೇಕಾದದ್ದು ಅಲ್ಲಿಗೆ. ನೀರಿನ ಮೇಲೆ ಗುರುತು ನಿಲ್ಲದು. ಆದ್ದರಿಂದ ಅವರು ದಡದತ್ತ ತಿರುಗಿ, ಸಮೀಪದ ಇಗರ್ಜಿಯ ಗೋಪುರವೋ ಒಂಟಿ ತೆಂಗೋ ಹಿಂದಿನ ಬೆಟ್ಟದ ನೆತ್ತಿಯೊಡನೆ ಒಂದೇ ನೇರಕ್ಕೆ ಬರುವವರೆಗೆ ಹುಟ್ಟು ಹಾಕುತ್ತಿದ್ದರು. ಇನ್ನೊಂದು ದಿಕ್ಕಿನಲ್ಲಿ ಅಂಥದೇ ಮತ್ತೊಂದು ಜೋಡಿ. ಎರಡು ಗೆರೆಗಳು ಕೂಡಿದಲ್ಲಿ, ನೇರ ಕೆಳಗೆ, ಪಾರು. ಕಾಗದವಿಲ್ಲ, ದಿಕ್ಸೂಚಿಯಿಲ್ಲ, ನೂರಾರು ಜೋಡಿಗಳು ಒಬ್ಬನ ನೆನಪಿನಲ್ಲಿ.

1980ರ ದಶಕದಲ್ಲಿ ಪ್ಲೈವುಡ್ ದೋಣಿಯೂ ಹೊರಜೋಡಣೆಯ ಎಂಜಿನ್ನೂ ಹರಡಿದವು. ಬಳಿಕ ಜಿಪಿಎಸ್ ಬಂತು. ನಮ್ಮ ಕರಾವಳಿಯಲ್ಲಿ ಪರ್ಸೀನ್ ಬಂದಾಗ ಮೊಗವೀರರ ರಂಪಣಿ ಮೂಲೆಗೆ ಸರಿದದ್ದನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ಹುಟ್ಟು ಹಾಕಿ ಬೆನ್ನು ಮುರಿದುಕೊಂಡವರೆದುರು ನಿಂತು ಎಂಜಿನ್ನನ್ನು ಹಳಿಯುವ ಅಧಿಕಾರ ನಮಗಿಲ್ಲ. ಹಳೆಯ ವಿದ್ಯೆಯೂ ಸರ್ವಜ್ಞವಾಗಿರಲಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಅಪ್ಪಳಿಸಿದಾಗ, ಈ ತೀರದ ಹಿರಿಯರ ನೆನಪಿನಲ್ಲಿ ಅಂಥ ಚಂಡಮಾರುತಕ್ಕೆ ಪೂರ್ವನಿದರ್ಶನ ವಿರಳವಾಗಿತ್ತು. ಕಡಲಿಗಿಳಿದ ಹಲವರು ಮರಳಲಿಲ್ಲ. ಅವರನ್ನು ಅರಸಿ ಪೂಂತುರ, ವಿಳಿಂಜಂಗಳ ಮೀನುಗಾರರೇ ತಮ್ಮ ದೋಣಿಗಳಲ್ಲಿ ಹೊರಟರು.

ಈ ಅರಿವು ಪೂರ್ಣವಾಗಿ ಅಳಿಯದಂತೆ ದುಡಿದವರಲ್ಲಿ ರಾಬರ್ಟ್ ಪನಿಪಿಳ್ಳ ಮುಖ್ಯರು. ಮೀನುಗಾರರ ಕೇರಿಯಲ್ಲೇ ಬೆಳೆದ ಅವರು ಹಿರಿಯರ ಮಾತುಗಳನ್ನು ಬರೆದಿಟ್ಟರು. ಪಾರುಗಳನ್ನು ಸಂಗಡಿಗರೊಂದಿಗೆ ಮುಳುಗಿ ನೋಡಿ ಚಿತ್ರೀಕರಿಸಿದರು. ಹಿರಿಯರು ದಡದ ಗುರುತುಗಳಿಂದ ತಿಳಿದದ್ದನ್ನು ಕ್ಯಾಮೆರಾ ನೀರಿನೊಳಗೆ ಕಂಡಿತು.

2015ರ ಡಿಸೆಂಬರಿನಲ್ಲಿ ಹೊಸ ಬಂದರಿನ ಕೆಲಸ ಮೊದಲಾಯಿತು. ದಡ ಕೊರೆಯುತ್ತಿದೆಯೆಂದು 2022ರಲ್ಲಿ ಮೀನುಗಾರರು ತಿಂಗಳುಗಟ್ಟಲೆ ಧರಣಿ ಕುಳಿತರು. ಅದಕ್ಕೆ ಬಂದರೇ ಕಾರಣವೆಂಬುದನ್ನು ಸರ್ಕಾರ ಒಪ್ಪಲಿಲ್ಲ. 2024ರ ಜುಲೈ 11ರಂದು ‘ಸಾನ್ ಫರ್ನಾಂಡೊ’ ಎಂಬ ಕಂಟೇನರ್ ಹಡಗು ಬಂತು. 2025ರ ಮೇ 2ರಂದು ಬಂದರು ಲೋಕಾರ್ಪಣೆಯಾಯಿತು.

ಈಗ ಕಡಲಿನಿಂದ ತಿರುಗಿ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಬಂದರಿನ ಕ್ರೇನುಗಳು. ಇಗರ್ಜಿಯ ಗೋಪುರಕ್ಕಿಂತ ಎತ್ತರ, ಮಬ್ಬಿನಲ್ಲೂ ಸ್ಪಷ್ಟ. ಆದರೆ ಅವು ಹಡಗು ನಿಂತ ಕಡೆಗೆ ಹಳಿಯ ಮೇಲೆ ಸರಿಯುತ್ತಿರುತ್ತವೆ. ಅವನ್ನು ಹಿಡಿದು ಕಣಿಚ್ಚಂ ಕಟ್ಟಲಾಗದು.