ಹೊಸ್ತಿಲು ದಾಟಿ ಬಂದ ಪಾಸ್ಟರ್ರು, ರೋಮಿನವರೆಗೆ ಹೋದ ನಮ್ಮ ಗುಡಿಸಲಿನ ತಕರಾರು

ಸ್ವಲ್ಪ ಉದ್ದದ ಪೋಸ್ಟು. ಬಿಡುವು ಮಾಡ್ಕೊಂಡು ಓದಿ.

ಕಳೆದ ತಿಂಗಳು ಮುಳಬಾಗಿಲು ತಾಲೂಕಿನ ಒಂದು ಹಳ್ಳಿಗೆ ಸಾವಿಗೆ ಹೋಗಿದ್ದೆ. ತೀರಿಕೊಂಡವರು ನನಗೆ ದೊಡ್ಡಮ್ಮ ಆಗಬೇಕು. ಇಪ್ಪತ್ತು ವರ್ಷದಿಂದ ಪ್ರತಿ ಭಾನುವಾರ ಪ್ರಾರ್ಥನೆಗೆ ಹೋಗ್ತಿದ್ದವರು. ಪಾಸ್ಟರ್ ಬಂದರು. ನಮ್ಮ ಕೇರಿಯವರಲ್ಲ, ಬೇರೆ ಜಾತಿಯಿಂದ ಬಂದವರು. ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ, ಹೆಣದ ಪಕ್ಕ ಚಾಪೆ ಮೇಲೆ ಕೂತು ಪ್ರಾರ್ಥನೆ ಮಾಡಿದರು. ಪಕ್ಕದ ಮನೆಯವರು ಟೀ ತಂದು ಕೊಟ್ಟರು, ಕುಡಿದರು. ನನ್ನ ಪಕ್ಕ ಕೂತಿದ್ದ ಎಂಬತ್ತರ ಅಜ್ಜ ಮೆಲ್ಲಗೆ ಅಂದ: "ನೋಡ್ದಾ, ಒಳಕ್ಕೇ ಬಂದ್ರು. ನಮ್ಮ ಲೋಟದಾಗೆ ಕುಡುದ್ರು."

ಸಾವಿನ ಮನೆಯಲ್ಲಿ ಆ ಅಜ್ಜನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಇದು. ಎಂಬತ್ತು ವರ್ಷದ ಬದುಕಲ್ಲಿ ಹೀಗೆ ಒಳಗೆ ಬಂದವರನ್ನ ಅವನು ಎಷ್ಟು ಜನರನ್ನ ನೋಡಿದ್ದಾನೋ, ಬೆರಳಲ್ಲಿ ಎಣಿಸಬಹುದೇನೋ.

ವಾಪಸ್ ಬರುವಾಗ ಬಸ್ಸಲ್ಲಿ ಅಕ್ಕನ ಮಗ ಕೇಳಿದ: "ಮಾವ, ಅದು ಬಿಳಿ ಜನರ ಧರ್ಮ ಅಲ್ವಾ. ಅವ್ರಲ್ಲಿ ಮೊದಲಿಂದ್ಲೂ ಎಲ್ರೂ ಒಂದೇ, ಅದಕ್ಕೇ ಒಳಗೆ ಬರ್ತಾರೆ." ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಯಾಕಂದ್ರೆ ಉತ್ತರ ಕೋಲಾರ ಬಸ್ ಸ್ಟಾಂಡ್ ಬರೋದರೊಳಗೆ ಮುಗಿಯುವಂಥದ್ದಲ್ಲ. ಈ ಪೋಸ್ಟು ಅವನಿಗೆ ಬರೆದ ಉತ್ತರ.

ಮೊದಲು ಅವರ ದೇಶಕ್ಕೇ ಹೋಗೋಣ. ಐನೂರು ವರ್ಷದ ಹಿಂದಿನ ಯುರೋಪು. ಆ ಕಾಲದ ಜನರಿಗೆ ಭಕ್ತಿ ಅಂದರೆ ಮನಸ್ಸಿನೊಳಗಿನ ನಂಬಿಕೆ ಮಾತ್ರ ಆಗಿರಲಿಲ್ಲ. ಅದು ಮೈಗೆ ತಾಗಬೇಕಿತ್ತು. ಹುಟ್ಟಿದ ಮಗುವಿನ ತಲೆಗೆ ಜ್ಞಾನಸ್ನಾನದ ನೀರು. ಚರ್ಚಿನ ಬಾಗಿಲಲ್ಲಿ ಕಲ್ಲುಬಟ್ಟಲಿನ ತೀರ್ಥಕ್ಕೆ ಬೆರಳದ್ದಿ ಶಿಲುಬೆ ಗುರುತು. ಪೂಜೆಯಲ್ಲಿ ನಾಲಿಗೆಯ ಮೇಲೆ ಪರಮಪ್ರಸಾದದ ರೊಟ್ಟಿ. ಸಾಯುವಾಗ ಕಣ್ಣು, ಕಿವಿ, ಕೈಗಳಿಗೆ ಪವಿತ್ರ ಎಣ್ಣೆ. ಸತ್ತ ಮೇಲೆ ಚರ್ಚಿನ ಮಣ್ಣು. ನೀರು, ರೊಟ್ಟಿ, ಎಣ್ಣೆ, ಮಣ್ಣು: ಮೋಕ್ಷ ಇವುಗಳ ಮೂಲಕವೇ ಬರಬೇಕು. ಹಾಗಾದ್ರೆ ಒಬ್ಬನನ್ನ ಈ ನಾಲ್ಕರಿಂದ ದೂರ ಇಟ್ಟರೆ ಅವನನ್ನ ದೇವರಿಂದಲೇ ದೂರ ಇಟ್ಟಂತೆ.

ಹಾಗೆ ದೂರ ಇಟ್ಟಿದ್ದರು. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟಗಳ ಕಡೆ ಕಾಗೋ ಅನ್ನುವ ಜನ ಇದ್ದರು. ಸ್ಪೇನ್ ಕಡೆ ಅವರನ್ನ ಅಗೋತೆ ಅಂತಿದ್ದರು. ಬಣ್ಣ ಅದೇ, ಭಾಷೆ ಅದೇ, ಧರ್ಮವೂ ಅದೇ. ಆದರೂ ಊರ ಹೊರಗೆ ವಾಸ. ಊರವರ ಜೊತೆ ಮದುವೆ ಇಲ್ಲ. ಹೆಚ್ಚಿನವರದು ಮರಗೆಲಸ. ಚರ್ಚಿಗೆ ಬರಲು ಅವರಿಗೇ ಬೇರೆ ಸಣ್ಣ ಬಾಗಿಲು, ಬೇರೆ ತೀರ್ಥದ ಬಟ್ಟಲು, ಹಿಂದೆ ಬೇರೆ ಜಾಗ, ಸತ್ತರೆ ಬೇರೆ ಮಣ್ಣು. ಕೆಲವು ಕಡೆ ಪ್ರಸಾದದ ರೊಟ್ಟಿಯನ್ನ ಉದ್ದನೆ ಕೋಲಿನ ತುದಿಯಲ್ಲಿಟ್ಟು ಚಾಚುತ್ತಿದ್ದರಂತೆ. ಬಟ್ಟೆಯ ಮೇಲೆ ಬಾತುಕೋಳಿ ಪಾದದ ಆಕಾರದ ಕೆಂಪು ಗುರುತು ಹೊಲಿಸಿಕೊಳ್ಳಬೇಕಿತ್ತು. ಇವರು ಯಾಕೆ ಮುಟ್ಟಬಾರದವರಾದರು ಅನ್ನೋದಕ್ಕೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಕಾರಣವೇ ಗೊತ್ತಿಲ್ಲದ ಅಸ್ಪೃಶ್ಯತೆ. ನಮಗೆ ಇದೇನು ಹೊಸದಾ?

ಈ ಜನ ಸುಮ್ಮನಿರಲಿಲ್ಲ. ನವಾರ ಪ್ರಾಂತ್ಯದ ಅಗೋತೆಗಳು ರೋಮಿನ ಪೋಪ್ 10ನೇ ಲಿಯೋಗೆ ಅರ್ಜಿ ಹಾಕಿದರು. 1515ರಲ್ಲಿ ಪೋಪ್ ಇವರನ್ನೂ ಉಳಿದ ಭಕ್ತರಂತೆಯೇ ನಡೆಸಿಕೊಳ್ಳಿ ಅಂತ ಆದೇಶ ಕೊಟ್ಟರು. ಆದೇಶ ಬಂತು, ಸಣ್ಣ ಬಾಗಿಲು ಹಾಗೇ ಉಳೀತು. ಸರ್ಕಾರಿ ಸುತ್ತೋಲೆಗಳ ಜೊತೆ ಇಪ್ಪತ್ತು ವರ್ಷ ಕಳೆದ ಗುಮಾಸ್ತ ನಾನು, ನನಗೆ ಇದರಲ್ಲಿ ಆಶ್ಚರ್ಯ ಆಗಲಿಲ್ಲ. ಚರ್ಚಿನ ರಿಜಿಸ್ಟರುಗಳಲ್ಲಿ ಮಗುವಿನ ಹೆಸರಿನ ಪಕ್ಕ 'ಕಾಗೋ' ಅಂತ ಬರೆಯುವುದೂ ಶತಮಾನಗಳ ಕಾಲ ನಡೀತು. ಗೋಡೆ ಕಟ್ಟಿ ಮುಚ್ಚಿದ ಆ ಕುಳ್ಳ ಬಾಗಿಲುಗಳು ಅಲ್ಲಿನ ಕೆಲವು ಹಳೇ ಚರ್ಚುಗಳಲ್ಲಿ ಇವತ್ತೂ ಕಾಣಸಿಗುತ್ತವೆ.

ಆದೇಶ ಬಂದ ಎರಡೇ ವರ್ಷಕ್ಕೆ, 1517ರಲ್ಲಿ, ಮಾರ್ಟಿನ್ ಲೂಥರ್ ಅದೇ ಪೋಪನ ವಿರುದ್ಧ ಎದ್ದು ನಿಂತ. ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಕಮ್ಮಿ ಅನ್ನುವ ವ್ಯಾಪಾರವನ್ನ ಪ್ರಶ್ನೆ ಮಾಡಿದ. ಬೈಬಲನ್ನ ಜನರ ಜರ್ಮನ್ ಭಾಷೆಗೆ ತಂದ. ಓದು ಬಂದ ರೈತನೊಬ್ಬ ಪುಸ್ತಕ ಬಿಚ್ಚಿದರೆ ಏನಾಗುತ್ತೆ? ನಮ್ಮಪ್ಪಂದಿರು ಅಕ್ಷರ ಕಲಿತಾಗ ಆದದ್ದೇ ಆಗುತ್ತೆ. 1525ರಲ್ಲಿ ಮೆಮ್ಮಿಂಗನ್ ಊರಲ್ಲಿ ರೈತರು ಸೇರಿ ಹನ್ನೆರಡು ಬೇಡಿಕೆಗಳ ಪಟ್ಟಿ ಮಾಡಿದರು. ಮೂರನೇ ಬೇಡಿಕೆ ಜೀತಮುಕ್ತಿ. ಅವರ ವಾದ ಸರಳ: ಕ್ರಿಸ್ತ ತನ್ನ ರಕ್ತ ಕೊಟ್ಟು ದನ ಕಾಯುವವನನ್ನೂ ದೊರೆಯನ್ನೂ ಸಮನಾಗಿ ಬಿಡಿಸಿಕೊಂಡ ಮೇಲೆ ನಾವು ಇನ್ನೊಬ್ಬರ ಸ್ವತ್ತು ಹೇಗಾಗ್ತೀವಿ?

ಲೂಥರ್ ಏನಂದ ಗೊತ್ತಾ? ದಂಗೆ ಎದ್ದ ರೈತರನ್ನ ದೊರೆಗಳು ಕತ್ತಿಯಿಂದಲೇ ಅಡಗಿಸಲಿ ಅಂತ ಬರೆದ. ಜ್ಞಾನಸ್ನಾನದಿಂದ ಬಿಡುಗಡೆ ಸಿಗೋದು ಆತ್ಮಕ್ಕೆ, ಮೈಗೂ ಆಸ್ತಿಗೂ ಅದು ಅನ್ವಯ ಆಗಲ್ಲ ಅನ್ನೋದು ಅವನ ವಾದ. ಆ ದಂಗೆಯಲ್ಲಿ ಸತ್ತವರು ಒಂದು ಲಕ್ಷದವರೆಗೂ ಇರಬಹುದು ಅಂತ ಅಂದಾಜಿದೆ.

ಆತ್ಮಕ್ಕೆ ಸಮಾನತೆ, ಮೈಗೆ ಇದ್ದ ಸ್ಥಿತಿಯೇ ಗತಿ. ಈ ಮಾತನ್ನ ನೆನಪಲ್ಲಿ ಇಟ್ಕೊಳ್ಳಿ. ಲೂಥರನಿಗೂ ರೋಮಿಗೂ ಬದ್ಧ ವೈರ. ಆದರೆ ಈ ಒಂದು ವಿಚಾರದಲ್ಲಿ ಇಬ್ಬರ ನಡವಳಿಕೆಯೂ ಒಂದೇ ಕಡೆ ಹೋಯಿತು. ಅದೇ ವಿಚಾರ ರೋಮಿನ ಪಾದ್ರಿಗಳ ಜೊತೆ ಹಡಗು ಹತ್ತಿ ನಮ್ಮ ಕಡೆ ಬಂತು.

1606ರಲ್ಲಿ ರಾಬರ್ಟೊ ದಿ ನೊಬಿಲಿ ಅನ್ನುವ ಇಟಲಿಯ ಜೆಸ್ವಿಟ್ ಪಾದ್ರಿ ಮಧುರೈಗೆ ಬಂದ. ಮೇಲ್ಜಾತಿಯವರನ್ನ ಒಲಿಸಿಕೊಳ್ಳಬೇಕಂತ ಕಾವಿ ಉಟ್ಟ, ಮಾಂಸ ಬಿಟ್ಟ, ಬ್ರಾಹ್ಮಣ ಅಡುಗೆಯವನನ್ನ ಇಟ್ಟುಕೊಂಡ. ಅವನ ಕಡೆಯ ಮತಾಂತರಿಗಳು ಜನಿವಾರ, ಜುಟ್ಟು, ಗಂಧ ಉಳಿಸಿಕೊಳ್ಳಬಹುದಾ ಅನ್ನೋದು ದೊಡ್ಡ ಚರ್ಚೆ ಆಯ್ತು. 1623ರಲ್ಲಿ ಪೋಪ್ 15ನೇ ಗ್ರೆಗರಿ ಅನುಮತಿ ಕೊಟ್ಟರು. ಅದೇ ಪತ್ರದಲ್ಲಿ ಮೇಲ್ಕುಲದವರಿಗೆ ಒಂದು ವಿನಂತಿಯೂ ಇತ್ತು: ಚರ್ಚಿನಲ್ಲಾದರೂ ಕೆಳಗಿನವರನ್ನ ಕೀಳಾಗಿ ಕಾಣಬೇಡಿ ಅಂತ. ಜನಿವಾರಕ್ಕೆ ಅನುಮತಿ, ನಮಗೆ ವಿನಂತಿ!

ಆಮೇಲೆ ಪಾದ್ರಿಗಳಲ್ಲೇ ಎರಡು ಥರ ಆಯ್ತು. ಬ್ರಾಹ್ಮಣ ಸನ್ಯಾಸಿಗಳಂತೆ ಬದುಕುವವರು ಒಂದು. 1640ರಿಂದ ಈಚೆಗೆ ಪಂಡಾರಸ್ವಾಮಿಗಳು ಇನ್ನೊಂದು. ಇವರು ಶೂದ್ರರ ಜೊತೆಗೆ, ಪರೆಯರ ಜೊತೆಗೆ ಓಡಾಡಬಹುದಿತ್ತು. ತಮಿಳು ಕಡೆಯ ಪರೆಯರು ಅಂದರೆ ನಮ್ಮ ಕಡೆ ಹೊಲೆಯರು ಅಂತ ಕರೆಸಿಕೊಂಡವರೇ. ಪರೆಯರ ಪೂಜೆಗೆ ಬೇರೆ ಜಾಗ. ಪಿರೆನೀಸ್ ಬೆಟ್ಟದ ಸಣ್ಣ ಬಾಗಿಲು ಇಲ್ಲಿ ಇನ್ನೊಂದು ರೂಪದಲ್ಲಿ ಮತ್ತೆ ಎದ್ದಿತು. ಕನ್ನಡ ನಾಡಿಗೂ ಇದೇ ಪದ್ಧತಿ ಕಲಿತವರೇ ಬಂದರು. 1640ರ ದಶಕದ ಕೊನೆಯಲ್ಲಿ ಲಿಯೊನಾರ್ಡೊ ಚಿನ್ನಾಮಿ ಅನ್ನುವ ಇಟಲಿಯ ಜೆಸ್ವಿಟ್ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಕಟ್ಟಿದ. ಸನ್ಯಾಸಿ ವೇಷ ಹಾಕಿ, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದ.

ಈಗ ಎಂಜಲಿನ ವಿಷಯಕ್ಕೆ ಬರ್ತೀನಿ. ಯುರೋಪಿನ ಜ್ಞಾನಸ್ನಾನದ ವಿಧಿಯಲ್ಲಿ ಪಾದ್ರಿ ತನ್ನ ಉಗುಳನ್ನ ಬೆರಳಿಗೆ ತಾಗಿಸಿ ಮಗುವಿನ ಕಿವಿ ಮೂಗು ಮುಟ್ಟಬೇಕಿತ್ತು. ಯೇಸು ಕಿವುಡನನ್ನ ಹಾಗೆ ವಾಸಿ ಮಾಡಿದ ಅನ್ನುವ ಕಥೆಯ ನೆನಪು ಅದು. ಇಲ್ಲಿಗೆ ಬಂದ ಪಾದ್ರಿಗಳು ಅದನ್ನ ಬಿಟ್ಟರು. ಮೇಲ್ಜಾತಿಯವರಿಗೆ ಎಂಜಲು ಅಸಹ್ಯ, ಮೈಲಿಗೆ. ಅವರ ಮನಸ್ಸಿಗೆ ಘಾಸಿ ಆಗಬಾರದು ಅಂತ ನೂರಾರು ವರ್ಷದ ವಿಧಿಯನ್ನೇ ಪಕ್ಕಕ್ಕೆ ಇಟ್ಟರು.

1703ರಲ್ಲಿ ಪೋಪನ ಪ್ರತಿನಿಧಿ ತೂರ್ನೋಂ ಪಾಂಡಿಚೇರಿಗೆ ಬಂದ. ವಿಚಾರಣೆ ಮಾಡಿ 1704ರಲ್ಲಿ ಹದಿನಾರು ಅಂಶದ ಆದೇಶ ಹೊರಡಿಸಿದ. ಉಗುಳಿನ ವಿಧಿ ಬಿಡಬಾರದು. ಮುಟ್ಟಾದ ಹೆಂಗಸರನ್ನ ಚರ್ಚಿನಿಂದ, ಪಾಪನಿವೇದನೆಯಿಂದ ದೂರ ಇಡಬಾರದು. ಮತ್ತೆ, ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿ ಎದ್ದು ಓಡಾಡಿದೆ, ಕಾಯಿಲೆ ಬಿದ್ದ ಪರೆಯರ ಮನೆಗೆ ಪಾದ್ರಿಗಳು ಹೋಗಲೇಬೇಕು, ಅವರ ಗುಡಿಸಲಲ್ಲೇ ಕೊನೆಯ ಎಣ್ಣೆ, ಕೊನೆಯ ಪ್ರಸಾದ ಕೊಡಬೇಕು.

ಯೋಚನೆ ಮಾಡಿ. ಹೀಗೆ ಆದೇಶ ಮಾಡಬೇಕಾಯ್ತು ಅಂದರೆ, ಅದಕ್ಕೆ ಮುಂಚೆ ಏನು ನಡೀತಿತ್ತು? ಸಾಯ್ತಾ ಇರುವ ಮನುಷ್ಯನ ಮನೆ ಹೊಸ್ತಿಲು ದಾಟೋಕೆ ಮೈಲಿಗೆಯ ಅಂಜಿಕೆ. ಯುರೋಪಲ್ಲಿ ಸಾಯುವಾಗ ಎಣ್ಣೆ ಸಿಗದಿದ್ದರೆ ನರಕದ ಭಯ ಅಂತ ಕಲಿಸಿದವರೇ ಇಲ್ಲಿ ನಮ್ಮ ಗುಡಿಸಲ ಮುಂದೆ ಕಾಲು ಹಿಂದೆಗೆದರು.

ತಕರಾರು ರೋಮಿಗೆ ಹೋಯ್ತು. ನಲವತ್ತು ವರ್ಷ, ಹಲವು ಪೋಪರ ಕಾಲ ನಡೀತು. ಕೊನೆಗೆ 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಅಂತಿಮ ಆದೇಶ ಕೊಟ್ಟರು. ಎಂಜಲಿನ ವಿಚಾರದಲ್ಲಿ ಕೆಲವು ವರ್ಷದ ವಿನಾಯಿತಿ ಸಿಕ್ಕಿತು. ಪರೆಯರ ಮನೆಯ ವಿಚಾರಕ್ಕೆ ಜೆಸ್ವಿಟರು ಒಂದು ಪರಿಹಾರ ತಂದರು: ಪರೆಯರಿಗಾಗಿಯೇ ಬೇರೆ ಪಾದ್ರಿಗಳನ್ನ ನೇಮಿಸ್ತೀವಿ. ಪೋಪ್ ಒಪ್ಪಿದರು. ಪಾದ್ರಿ ಒಳಗೆ ಬಂದ, ನಿಜ. ಆದರೆ ಅವನು ಪರೆಯರ ಪಾದ್ರಿ ಆದ. ಹೊಸ್ತಿಲು ದಾಟಿದವನ ಕೊರಳಿಗೇ ಜಾತಿ ಕಟ್ಟಿದರು.

ನಮ್ಮ ಕೋಲಾರಕ್ಕೆ ಬರೋಣ. ಇಲ್ಲಿ ಬಂದದ್ದು ಬೇರೆ ಕಾಲ, ಬೇರೆ ಪಂಥ. 1876–78ರ ಬರಗಾಲ ಮೈಸೂರು ಸಂಸ್ಥಾನವನ್ನ ನುಂಗಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ಕ್ಕೆ ಸುಮಾರು 42 ಲಕ್ಷ. ಆ ಬರದಲ್ಲಿ ಮಿಸ್ ಆನ್‌ಸ್ಟಿ ಅನ್ನುವ ಹೆಣ್ಣುಮಗಳು ಕೋಲಾರದಲ್ಲಿ ಅನಾಥ ಮಕ್ಕಳನ್ನ ಸಾಕಿದಳು. 1890ರಲ್ಲಿ ಆ ಕೆಲಸ ಮೆಥೊಡಿಸ್ಟ್ ಮಿಷನ್ನಿಗೆ ಹೋಯ್ತು. ನಾವೆಲ್ಲ ಇಟಿಸಿಎಂ ಅನ್ನುವ ಆಸ್ಪತ್ರೆ 1910ರ ಹೊತ್ತಿಗೆ ಬಂತು. ಹಸಿದವರು, ಕಾಯಿಲೆಯವರು ಅಲ್ಲಿಗೆ ಹೋದರು. ಗಂಜಿಗೆ ಧರ್ಮ ಮಾರಿದರು ಅಂತ ಮಾತಾಡುವವರು ಬರಗಾಲದಲ್ಲಿ ಆ ಮಕ್ಕಳ ಮುಂದೆ ಯಾರು ತಟ್ಟೆ ಇಟ್ಟರು ಅಂತ ಮೊದಲು ಹೇಳಲಿ.

ಹೋದವರು ಬಯಸಿದ್ದು ಮೆಮ್ಮಿಂಗನ್ ರೈತರು ಬಯಸಿದ್ದನ್ನೇ. ಸತ್ತ ಮೇಲಿನ ಸ್ವರ್ಗದ ಜೊತೆಗೆ ಇವತ್ತಿನ ಮೈಗೆ ಮರ್ಯಾದೆ. ಒಂದೇ ಬೆಂಚು, ಒಂದೇ ಲೋಟ, ಒಂದೇ ಮಣ್ಣು. ಎಷ್ಟು ಸಿಕ್ಕಿತು ಅನ್ನೋದನ್ನ ನಮ್ಮ ಕ್ರೈಸ್ತ ನೆಂಟರನ್ನೇ ಕೇಳಿ. ಅಕ್ಷರ ಸಿಕ್ಕಿತು, ನರ್ಸ್ ಕೆಲಸ ಸಿಕ್ಕಿತು, ಹೆಸರಿನ ಕೊನೆಗೆ 'ಅವರು' ಸಿಕ್ಕಿತು. ಹೆಣ್ಣು ಕೊಡುವ ವಿಷಯ ಬಂದಾಗ ಹಳೇ ಕೇರಿ ಎಲ್ಲಿ ಅನ್ನುವ ಪ್ರಶ್ನೆ ಚರ್ಚಿನೊಳಗೂ ಬಂತು.

ಇನ್ನು ಸರ್ಕಾರ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೇ ಪ್ಯಾರಾ ಹಿಂದೂಗಳಿಗೆ ಮಾತ್ರ ಎಸ್‌ಸಿ ಅಂದಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ಅವರಿಗೆ ಪ್ರವರ್ಗ-1. ಆ ಧರ್ಮದಲ್ಲಿ ಜಾತಿ ಇಲ್ಲ ಅನ್ನೋದು ವಾದ. ಲೂಥರ್ ಆತ್ಮಕ್ಕೆ ಬಿಡುಗಡೆ ಕೊಟ್ಟು ಮೈಯನ್ನ ದೊರೆಗೆ ಬಿಟ್ಟ. ನಮ್ಮ ಕಾನೂನು ಆತ್ಮ ಎಲ್ಲಿಗೆ ಹೋಯ್ತು ಅಂತ ನೋಡಿ, ಮೈ ಇನ್ನೂ ಅದೇ ಕೇರಿಯಲ್ಲಿ ಇರೋದನ್ನ ನೋಡದೆ ಹೋಯ್ತು. ಮಾಲೂರು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ನೀರಿನ ಬಿಂದಿಗೆ ದೂರ ಇಡಿಸುವವರು ನೀನು ಭಾನುವಾರ ಎಲ್ಲಿಗೆ ಹೋಗ್ತೀಯ ಅಂತ ಕೇಳಿ ಇಡಿಸಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಾಗದಕ್ಕೆ ಒಂದು ಹೆಸರು, ಪ್ರಾರ್ಥನೆಗೆ ಒಂದು ಹೆಸರು. ಅವರನ್ನ ಮೋಸಗಾರರು ಅನ್ನುವ ಮುಂಚೆ ಕಾಗೋ ಮಗುವಿನ ಹೆಸರಿನ ಪಕ್ಕದ ಆ ಬರಹ ನೆನಪಿಸಿಕೊಳ್ಳಿ. ರಿಜಿಸ್ಟರ್ ಯಾವಾಗಲೂ ಬರೆಯುವವನ ಕೈಲೇ ಇರುತ್ತೆ.

ನಾನು ಬಾಬಾಸಾಹೇಬರ ದಾರಿಯವನು. ಯಾವ ಚರ್ಚಿಗೂ ವಕಾಲತ್ತು ಹಾಕಲು ಇದನ್ನ ಬರೆದಿಲ್ಲ. ನಮ್ಮ ಜನ ಧರ್ಮ ಬದಲಾಯಿಸಿದಾಗೆಲ್ಲ ಏನು ಕೇಳಿದರು, ಏನು ಸಿಗಲಿಲ್ಲ ಅನ್ನೋದು ನಮ್ಮ ಚರಿತ್ರೆ. ಅದನ್ನ ಪಾದ್ರಿಗಳ ಪತ್ರಗಳಿಂದ ಮಾತ್ರ ಓದಿದರೆ ಸಾಲದು.

ಅಕ್ಕನ ಮಗನಿಗೆ ಇಷ್ಟೇ ಹೇಳೋದು: ಇಲ್ಲ ಕಣಪ್ಪ, ಅವರಲ್ಲಿ ಮೊದಲಿಂದಲೂ ಎಲ್ಲರೂ ಒಂದೇ ಆಗಿರಲಿಲ್ಲ. ಅವರ ಸಣ್ಣ ಬಾಗಿಲನ್ನ ಅಲ್ಲಿಯ ಬಡವರು ಜಗಳ ಆಡಿ ಮುಚ್ಚಿಸಿದರು. ನಮ್ಮ ಹೊಸ್ತಿಲ ಮುಂದಿನ ಆ ಹಿಂಜರಿಕೆಯನ್ನ ನಾವು ಜಗಳ ಆಡಿ ಬಿಡಿಸ್ತಾ ಇದ್ದೀವಿ. ಆ ಪಾಸ್ಟರ್ ಕುಡಿದ ಟೀ ಲೋಟದ ಹಿಂದೆ ಮುನ್ನೂರು ವರ್ಷದ ತಕರಾರಿದೆ.

ದೊಡ್ಡಮ್ಮನನ್ನ ನಮ್ಮ ಕೇರಿಯವರ ಜಾಗದಲ್ಲೇ, ಕೆರೆ ಅಂಚಲ್ಲಿ ಮಣ್ಣು ಮಾಡಿದೆವು. ಊರಿನ ಸ್ಮಶಾನ ಇನ್ನೊಂದು ದಿಕ್ಕಿಗೆ ಇದೆ.

ನಿಮ್ಮ ಮನೆಗಳಲ್ಲಿ ಮಿಷನ್ ಶಾಲೆ, ಆಸ್ಪತ್ರೆ, ಅನಾಥಾಲಯದ ನೆನಪಿರುವ ಅಜ್ಜಿ ತಾತಂದಿರು ಇದ್ದರೆ ದಯವಿಟ್ಟು ಕೂರಿಸಿ ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಆ ಎಂಬತ್ತರ ಅಜ್ಜನ ಹತ್ರ ನಾನು ಮುಂದಿನ ಭಾನುವಾರ ಹೋಗ್ತಾ ಇದ್ದೀನಿ.

ಜೈ ಭೀಮ್.